ನಿಂತಾಗಲೇ ಏರುವ ಬಿಸಿ

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಗ್ನಲ್‌ಗಾಗಿ ಕಾದು ನಿಂತ ಕಾರು. ಹೊಸೂರು ರಸ್ತೆಯಲ್ಲಿ ಓಡುವಾಗ ನಡುವಿನಲ್ಲಿದ್ದ ಟೆಂಪರೇಚರ್ ಮುಳ್ಳು ಇಲ್ಲಿ ಕೆಂಪು ಗೆರೆಯತ್ತ ಏರುತ್ತದೆ. ಗಾಡಿ ಹೊರಟರೆ ಮತ್ತೆ ಇಳಿಯುತ್ತದೆ. ಈ ಏರಿಳಿತವೇ ಮೆಕ್ಯಾನಿಕ್‌ಗೆ ಸಿಗುವ ಮೊದಲ ಸುಳಿವು.

ಓಡುವ ಕಾರಿನ ರೇಡಿಯೇಟರನ್ನು ಎದುರುಗಾಳಿಯೇ ತಣಿಸುತ್ತದೆ. ನಿಂತಾಗ ಆ ಕೆಲಸವೆಲ್ಲ ಫ್ಯಾನಿನದು. ಹಾಗಾಗಿ ಮೊದಲ ಅನುಮಾನ ಅದರ ಮೇಲೆಯೇ. ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿದರೆ ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ವೈರಿಂಗ್, ಕೊನೆಗೆ ಮೋಟರ್ ನೋಡುವುದು ಜಾಣತನ; ಫ್ಯೂಸ್ ಕೆಲವೇ ರೂಪಾಯಿಯ ವಸ್ತು. ಎ.ಸಿ. ಹಾಕಿದಾಗ ತಿರುಗುವ ಫ್ಯಾನ್, ಎ.ಸಿ. ಇಲ್ಲದಾಗ ಎಂಜಿನ್ ಕಾದರೂ ಸುಮ್ಮನಿದ್ದರೆ ತಾಪಮಾನದ ಸೆನ್ಸರ್ ಪರೀಕ್ಷಿಸಬೇಕು.

ಫ್ಯಾನ್ ಸರಿಯಿದ್ದರೆ? ಕೂಲಂಟ್ ಕಡಿಮೆಯಾಗಿರಬಹುದು, ರೇಡಿಯೇಟರಿಗೆ ಧೂಳು ಕಟ್ಟಿರಬಹುದು, ವಾಟರ್ ಪಂಪ್ ಸವೆದಿರಬಹುದು.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಕೂಡದು. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಉಕ್ಕಿ ಮುಖಕ್ಕೆ ಚಿಮ್ಮುತ್ತದೆ. ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ, ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಬೇಕು.