ಸೆಕೆಂಡಿಗೊಂದು ಫೋಟಾನ್

ಆಂಡ್ರೊಮಿಡಾ ಗೆಲಾಕ್ಸಿಯಿಂದ ಹೊರಟ ಬೆಳಕು ಭೂಮಿಗೆ ಬರಲು 25 ಲಕ್ಷ ವರ್ಷ ಹಿಡಿಯುತ್ತದೆ. ಆ ದೂರವನ್ನು ಕಿಲೋಮೀಟರಿನಲ್ಲಿ ಬರೆದರೆ 24ರ ಮುಂದೆ ಹದಿನೆಂಟು ಸೊನ್ನೆ. ಅಲ್ಲಿಂದ ಬಂದ ಬೆಳಕನ್ನು ಮನೆಯಲ್ಲಿರುವ ಕ್ಯಾಮೆರಾದಲ್ಲೇ ಹಿಡಿಯುತ್ತೇನೆಂದು ಹೊರಡುವ ಹೊಸಬರನ್ನು ಕಂಡರೆ ನನಗೆ ತುಂಬು ಪ್ರೀತಿ. ಹೊರಡುವ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ: ಆ ಬೆಳಕು ನಿಮ್ಮ ಕ್ಯಾಮೆರಾಕ್ಕೆ ಎಷ್ಟು ಬಂದು ಬೀಳುತ್ತದೆ?

24 ಮೆಗಾಪಿಕ್ಸೆಲ್‌ನ ಸಾಧಾರಣ ಡಿಎಸ್‌ಎಲ್‌ಆರ್ ತೆಗೆದುಕೊಳ್ಳೋಣ. ಅದರ ಒಂದೊಂದು ಪಿಕ್ಸೆಲ್ಲಿನ ಅಗಲ ಸುಮಾರು 4 ಮೈಕ್ರಾನ್, ಮಿಲಿಮೀಟರಿನ 250ರಲ್ಲೊಂದು ಪಾಲು. ಅದರ ಮುಂದೆ ಫಿಲ್ಮ್ ಕಾಲದ 135 ಮಿ.ಮೀ. ಎಫ್ 2.8 ಲೆನ್ಸ್. ಬೆಳಕು ಒಳಬರುವ ಬಾಯಿ 48 ಮಿ.ಮೀ. ಈ ಜೋಡಿಯನ್ನು ಆಂಡ್ರೊಮಿಡಾದ ಮಸುಕಾದ ತೋಳುಗಳ ಕಡೆ ತಿರುಗಿಸಿದರೆ, ಹಸಿರು-ಹಳದಿ ಬೆಳಕಿನಲ್ಲಿ ಲೆಕ್ಕ ಹಿಡಿದಾಗ, ಒಂದು ಪಿಕ್ಸೆಲ್ ಮೇಲೆ ಸೆಕೆಂಡಿಗೆ ಬೀಳುವುದು ಸುಮಾರು ಒಂದು ಫೋಟಾನ್. ಒಂದೇ ಒಂದು. ಅದರಲ್ಲೂ ಎಷ್ಟೋ ಫೋಟಾನ್‌ಗಳು ಸೆನ್ಸರ್ ಮೇಲಿನ ಬಣ್ಣದ ಫಿಲ್ಟರುಗಳಲ್ಲೇ ಕಳೆದುಹೋಗುತ್ತವೆ. ಅದೇ ಪಿಕ್ಸೆಲ್ಲಿಗೆ ಹಗಲಿನ ನೀಲಿ ಆಕಾಶದಿಂದ ಸೆಕೆಂಡಿಗೆ ಕೋಟಿಗಟ್ಟಲೆ ಫೋಟಾನ್‌ಗಳು ಬೀಳುತ್ತವೆ. ನಾವು ದಿನನಿತ್ಯ ಬಳಸುವ ಕ್ಯಾಮೆರಾ ಆ ಕೋಟಿಗಳಿಗಾಗಿ ಮಾಡಿದ್ದು. ಅದರಿಂದ ಈ ಒಂದನ್ನು ಎಣಿಸಲು ಹೊರಟಿದ್ದೇವೆ.

ಹೊಸಬರ ಮನಸ್ಸಿನಲ್ಲಿರುವ ಚಿತ್ರವೇ ಬೇರೆ. ಫೋನಿನ ವಾಲ್‌ಪೇಪರಿನಲ್ಲಿ, ಪಠ್ಯಪುಸ್ತಕದಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವರು ಕಂಡಿರುವುದು ಹಬಲ್ ದೂರದರ್ಶಕದ ಚಿತ್ರಗಳನ್ನು. ಹಬಲ್‌ನ ಕನ್ನಡಿ 2.4 ಮೀಟರ್. ನಮ್ಮ ಲೆನ್ಸಿನ ಬಾಯಿಗಿಂತ ಅಗಲದಲ್ಲಿ 50 ಪಟ್ಟು, ಬೆಳಕು ಹಿಡಿಯುವ ವಿಸ್ತೀರ್ಣದಲ್ಲಿ 2,500 ಪಟ್ಟು ದೊಡ್ಡದು. 2003ರ ಸೆಪ್ಟೆಂಬರಿನಿಂದ 2004ರ ಜನವರಿವರೆಗೆ ಅದು ಆಕಾಶದ ಒಂದು ಚಿಕ್ಕ ತುಣುಕನ್ನೇ ಒಟ್ಟು ಹತ್ತಿರ ಹತ್ತಿರ ಹತ್ತು ಲಕ್ಷ ಸೆಕೆಂಡು ದಿಟ್ಟಿಸಿ ನೋಡಿತು. ಖಾಲಿಯೆಂದು ತೋರುತ್ತಿದ್ದ ಆ ಜಾಗದಲ್ಲಿ ಸುಮಾರು 10,000 ಗೆಲಾಕ್ಸಿಗಳು ಕಂಡವು. ನಮ್ಮ 135 ಮಿ.ಮೀ. ಲೆನ್ಸನ್ನು ಅದೇ ಜಾಗಕ್ಕೆ ಹಿಡಿದರೆ ಆ ಇಡೀ ತುಣುಕು ಕುಳಿತುಕೊಳ್ಳುವುದು ಸುಮಾರು ಒಂದು ಸಾವಿರ ಪಿಕ್ಸೆಲ್‌ಗಳಲ್ಲಿ. ಪಿಕ್ಸೆಲ್ಲಿಗೆ ಹತ್ತು ಗೆಲಾಕ್ಸಿ! ಅವುಗಳ ಪೈಕಿ ಒಂದೂ ನಮ್ಮ ಚಿತ್ರದಲ್ಲಿ ಮೂಡುವುದಿಲ್ಲ.

1995ರಲ್ಲಿ ಹಬಲ್ ತೆಗೆದ ‘ಸೃಷ್ಟಿಯ ಕಂಬಗಳು’ ಚಿತ್ರ ಯಾರಿಗೆ ಗೊತ್ತಿಲ್ಲ? ಅನಿಲ ಮತ್ತು ಧೂಳಿನ ಆ ಕಂಬಗಳಲ್ಲಿ ಎತ್ತರದ್ದು ನಾಲ್ಕೈದು ಜ್ಯೋತಿರ್ವರ್ಷ ಉದ್ದ. ಆದರೆ ಅದು ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ನಮ್ಮ ಲೆನ್ಸಿನಲ್ಲಿ ಇಪ್ಪತ್ತು ಇಪ್ಪತ್ತೈದು ಪಿಕ್ಸೆಲ್‌ಗಳಿಗೆ ಮುಗಿದುಹೋಗುತ್ತದೆ. ವೀಣಾ ನಕ್ಷತ್ರಪುಂಜದ ಉಂಗುರ ನೀಹಾರಿಕೆಗೆ ಸಿಗುವುದು ಹದಿನಾಲ್ಕು ಪಿಕ್ಸೆಲ್ ಅಗಲ. ಇವುಗಳ ಹಿಂದೆ ಹೋಗುವುದು ಬೇಡ. ಲೆನ್ಸಿಗೆ ನಿಲುಕದ್ದನ್ನು ಹುಡುಕಿ ಸೋತವರು ಕ್ಯಾಮೆರಾವನ್ನೇ ಮೂಲೆಗಿಡುತ್ತಾರೆ. ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಏಕೆಂದರೆ ಇದೇ ಲೆಕ್ಕ ಇನ್ನೊಂದು ಕಡೆಯಿಂದ ನಮ್ಮ ಪರವಾಗಿಯೂ ನಿಲ್ಲುತ್ತದೆ. ದೂರದ್ದೆಲ್ಲ ಚಿಕ್ಕದಾಗಿ ಕಾಣುತ್ತದೆ ಎಂಬ ನಂಬಿಕೆಯನ್ನು ಆಂಡ್ರೊಮಿಡಾ ಮುರಿಯುತ್ತದೆ. ಆಕಾಶದಲ್ಲಿ ಅದರ ಉದ್ದ ಸುಮಾರು 3 ಡಿಗ್ರಿ, ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಬರಿಗಣ್ಣಿಗೆ ಕಾಣುವುದು ನಡುವಿನ ಹೊಳಪಿನ ಭಾಗ ಮಾತ್ರ. 135 ಮಿ.ಮೀ. ಲೆನ್ಸಿನಲ್ಲಿ ಅದು 1,700 ಪಿಕ್ಸೆಲ್‌ಗಳಿಗೂ ಮಿಕ್ಕಿ ಚಾಚಿಕೊಳ್ಳುತ್ತದೆ. ಹಬಲ್‌ಗೆ ಇದನ್ನು ಒಂದೇ ನೋಟದಲ್ಲಿ ನೋಡಲು ಆಗುವುದೇ ಇಲ್ಲ. 2025ರ ಜನವರಿಯಲ್ಲಿ ಬಿಡುಗಡೆಯಾದ ಅದರ ಆಂಡ್ರೊಮಿಡಾ ಚಿತ್ರವನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದ ಸುಮಾರು 600 ತುಣುಕುಗಳನ್ನು ಜೋಡಿಸಿ ಮಾಡಬೇಕಾಯಿತು. ಅದರಲ್ಲಿ 250 ಕೋಟಿ ಪಿಕ್ಸೆಲ್, ಬಿಡಿಬಿಡಿಯಾಗಿ ಕಾಣುವ 20 ಕೋಟಿ ನಕ್ಷತ್ರ. ನಿಮ್ಮ ಹಳೆಯ ಲೆನ್ಸ್ ಅದೇ ಗೆಲಾಕ್ಸಿಯನ್ನು ಒಂದೇ ಚೌಕಟ್ಟಿನಲ್ಲಿ, ಸುತ್ತ ಧಾರಾಳ ಜಾಗ ಬಿಟ್ಟು ತೋರಿಸುತ್ತದೆ. ಮಹಾವ್ಯಾಧನ ನೀಹಾರಿಕೆ 1 ಡಿಗ್ರಿ, ಕೃತ್ತಿಕೆಯ ಗುಂಪು ಸುಮಾರು 2 ಡಿಗ್ರಿ. ಇವೆಲ್ಲ ಸಣ್ಣ ಲೆನ್ಸಿಗೆಂದೇ ಅಳತೆ ಕೊಟ್ಟು ಮಾಡಿಸಿದಂತಿವೆ.

ಇನ್ನು ಭೂಮಿಯ ತಿರುಗಾಟ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಬರೀ ಟ್ರೈಪಾಡ್ ಮೇಲಿಟ್ಟ ನಮ್ಮ ಕ್ಯಾಮೆರಾದಲ್ಲಿ ಮಹಾವ್ಯಾಧನ ನಕ್ಷತ್ರವೊಂದು ಒಂದು ಪಿಕ್ಸೆಲ್ ದಾಟಲು ಅರ್ಧ ಸೆಕೆಂಡೂ ಬೇಡ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಟ್ಟರೆ ಚುಕ್ಕಿಗಳು ಗೀರುಗಳಾಗುತ್ತವೆ. ಎರಡೆರಡು ಸೆಕೆಂಡಿನಂತೆ ಒಂದು ಗಂಟೆಯ ಬೆಳಕು ಕೂಡಿಸಲು 1,800 ಫ್ರೇಮ್ ಬೇಕು. ರಾ ಫೈಲ್ ಒಂದಕ್ಕೆ 25 ಎಂಬಿ ಎಂದರೂ 45 ಜಿಬಿ. ಮಾಡಿದವರಿದ್ದಾರೆ, ಫಲವೂ ಸಿಕ್ಕಿದೆ. ಆದರೆ ಎರಡು ಸೆಕೆಂಡಿನಲ್ಲಿ ಪಿಕ್ಸೆಲ್ಲಿಗೆ ಬೀಳುವ ಎರಡು ಫೋಟಾನ್‌ಗಳಿಗಿಂತ, ಪ್ರತಿ ಫ್ರೇಮ್ ಓದುವಾಗ ಕ್ಯಾಮೆರಾ ತಾನೇ ಸೇರಿಸುವ ಗದ್ದಲ ಹೆಚ್ಚಿರಬಹುದು. ಹಾಗಾಗಿ ಖರ್ಚು ಮಾಡುವುದಾದರೆ ಮೊದಲ ಖರ್ಚು ಆಕಾಶದ ಜೊತೆಗೇ ಕ್ಯಾಮೆರಾವನ್ನು ತಿರುಗಿಸುವ ಸ್ಟಾರ್ ಟ್ರ್ಯಾಕರಿಗೆ ಇರಲಿ. ಅದನ್ನು ಧ್ರುವನಕ್ಷತ್ರದ ದಿಕ್ಕಿಗೆ ಸರಿಯಾಗಿ ಹೊಂದಿಸಬೇಕು. ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಬೀದರಿನಲ್ಲಿ 18. ಮಂಜು, ಧೂಳು, ಮರದ ಕೊಂಬೆ ಯಾವುದಾದರೂ ಅದನ್ನು ಮುಚ್ಚಿಬಿಡಬಹುದು. ಉತ್ತರ ದಿಕ್ಕು ಬಯಲಾಗಿರುವ ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ. ಆಂಡ್ರೊಮಿಡಾದ ತೋಳುಗಳ ಹೊಳಪೂ, ಕಡುಗತ್ತಲ ಜಾಗದ ‘ಕಪ್ಪು’ ಆಕಾಶದ ಹೊಳಪೂ ಹೆಚ್ಚುಕಡಿಮೆ ಒಂದೇ. ಆಕಾಶಕ್ಕೆ ತನ್ನದೇ ಬೆಳಕಿದೆ. ಟ್ರ್ಯಾಕರ್ ಮೇಲೆ ಒಂದು ನಿಮಿಷ ಶಟರ್ ತೆರೆದಿಟ್ಟರೆ ಪಿಕ್ಸೆಲ್ಲಿಗೆ ಗೆಲಾಕ್ಸಿಯಿಂದ 60 ಫೋಟಾನ್, ಆಕಾಶದಿಂದ ಇನ್ನೊಂದು 60. ತಕ್ಕಮಟ್ಟಿಗೆ ಕತ್ತಲಿರುವ ಹಳ್ಳಿಯಲ್ಲಿ ಆಕಾಶದ ಪಾಲು 150ಕ್ಕೆ ಏರುತ್ತದೆ. ಬೆಂಗಳೂರಿನಂಥ ಮಹಾನಗರದ ನಡುವೆ 2,400. ಗೆಲಾಕ್ಸಿಯ ಪಾಲು ಮಾತ್ರ ಎಲ್ಲೆಡೆ ಅದೇ 60. ಮದುವೆಮನೆಯ ವಾಲಗದ ನಡುವೆ ಪಿಸುಮಾತು ಕೇಳಿಸಿಕೊಳ್ಳಬೇಕಾದ ಸ್ಥಿತಿ ಅದು.

ಆಕಾಶದ ಬೆಳಕನ್ನು ಕಂಪ್ಯೂಟರಿನಲ್ಲಿ ಕಳೆದುಬಿಡಬಹುದಲ್ಲ ಎಂದು ಕೇಳುತ್ತಾರೆ. ಸರಾಸರಿಯನ್ನು ಕಳೆಯಬಹುದು, ಏರಿಳಿತವನ್ನು ಕಳೆಯಲಾಗದು. ಫೋಟಾನ್‌ಗಳು ಸಮನಾಗಿ ಬೀಳುವುದಿಲ್ಲ; 2,400 ಎಂದರೆ ಒಂದು ಸಲ 2,350, ಇನ್ನೊಂದು ಸಲ 2,450. ಈ ಏರಿಳಿತ ಒಟ್ಟು ಎಣಿಕೆಯ ವರ್ಗಮೂಲದಷ್ಟು. ನಗರದಲ್ಲಿ 50ರಷ್ಟು ಏರಿಳಿತದೊಳಗೆ ಗೆಲಾಕ್ಸಿಯ 60 ಹೂತುಹೋಗುತ್ತದೆ. ಗೆಲಾಕ್ಸಿಯ ಬೆಳಕು ಗದ್ದಲಕ್ಕಿಂತ 30 ಪಟ್ಟು ಮೇಲೆ ನಿಲ್ಲಬೇಕೆಂದರೆ ಎಷ್ಟು ಹೊತ್ತು ಬೇಕು? ಕಡುಗತ್ತಲಲ್ಲಿ 30 ನಿಮಿಷ. ಹಳ್ಳಿಯಲ್ಲಿ ಸುಮಾರು 52 ನಿಮಿಷ. ನಗರದಲ್ಲಿ ಹತ್ತು ಗಂಟೆಗೂ ಹೆಚ್ಚು.

ಹಳ್ಳಿಗೆ ಹೋಗುವ ಬದಲು ದೊಡ್ಡ ಲೆನ್ಸ್ ಕೊಂಡರೆ? ನಗರದಲ್ಲೇ ಕುಳಿತು ಅದೇ 52 ನಿಮಿಷಕ್ಕೆ ಅದೇ ಗುಣ ಬೇಕೆಂದರೆ 12 ಪಟ್ಟು ಬೆಳಕು ಹಿಡಿಯುವ, 160 ಮಿ.ಮೀ.ಗೂ ಮಿಕ್ಕ ಬಾಯಿಯ 135 ಮಿ.ಮೀ. ಲೆನ್ಸ್ ಬೇಕು. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಊರಿಗೆ ಹೋಗುವ ಬಸ್ಸಿನ ಟಿಕೆಟ್ಟು ಮಾಡುವ ಕೆಲಸವನ್ನು ಮಾಡಬಲ್ಲ ಗಾಜು ಮಾರುಕಟ್ಟೆಯಲ್ಲಿಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿ. ವೃತ್ತಿಪರ ಖಗೋಳಜ್ಞರಿಗೂ ಇದೇ ನಿಯಮ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ 2 ಮೀಟರ್ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ನಿಲ್ಲಿಸಿ, ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. ಕತ್ತಲಿಗಾಗಿ, ತೆಳು ಒಣಗಾಳಿಗಾಗಿ ಅಷ್ಟು ದೂರ.

ವರ್ಗಮೂಲದ ಇನ್ನೊಂದು ಕಟ್ಟಳೆ ತಾಳ್ಮೆಯನ್ನು ಬೇಡುತ್ತದೆ. ಚಿತ್ರ ಎರಡು ಪಟ್ಟು ನಯವಾಗಲು ನಾಲ್ಕು ಪಟ್ಟು ಸಮಯ, ಮೂರು ಪಟ್ಟಿಗೆ ಒಂಬತ್ತು ಪಟ್ಟು. ಮೊದಲ ಒಂದು ಗಂಟೆಯಲ್ಲಿ ಸಿಗುವ ಸುಧಾರಣೆ ಬೆರಗು ಹುಟ್ಟಿಸುತ್ತದೆ. ಎಂಟನೆಯ ಗಂಟೆಯದು ಕಣ್ಣಿಗೆ ಬೀಳುವುದೇ ಕಷ್ಟ. ಹೊಸಬರ ಪಾಲಿಗೆ ಇದು ಒಳ್ಳೆಯ ಸುದ್ದಿ, ಅತಿ ದೊಡ್ಡ ಜಿಗಿತ ಮೊದಲಿಗೇ ಬರುತ್ತದೆ.

ಆದರೂ ಮೊದಲ ಫ್ರೇಮ್ ತೆರೆದಾಗ ಕಾಣುವುದು ಕಪ್ಪು, ನಡುವೆ ಒಂದು ಬೂದು ಕಲೆ. ಎದೆಗುಂದಬೇಡಿ. 14 ಬಿಟ್ ಕ್ಯಾಮೆರಾ 16,384 ಮಟ್ಟಗಳಲ್ಲಿ ಬೆಳಕನ್ನು ಅಳೆಯುತ್ತದೆ, ಗೆಲಾಕ್ಸಿಯ ತೋಳುಗಳೆಲ್ಲ ಅದರ ತೀರ ತಳದ ಕೆಲವೇ ಮಟ್ಟಗಳಲ್ಲಿ ಅಡಗಿರುತ್ತವೆ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್‌ನಂಥ ಉಚಿತ ತಂತ್ರಾಂಶಗಳಲ್ಲಿ ಫ್ರೇಮ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಆ ತಳವನ್ನು ಹಿಗ್ಗಿಸಿದಾಗ ಕಲೆ ಹರಡಿಕೊಂಡು ಗೆಲಾಕ್ಸಿಯಾಗುತ್ತದೆ. ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮುಂದಿರುವ ಫಿಲ್ಟರ್ ಹೈಡ್ರೊಜನ್ನಿನ ಕಡುಗೆಂಪನ್ನು ಬಹುಪಾಲು ತಡೆಯುತ್ತದೆ, ಆದ್ದರಿಂದ ಕೆಂಪು ನೀಹಾರಿಕೆಗಳು ಪುಸ್ತಕದ ಚಿತ್ರದಷ್ಟು ಉಜ್ವಲವಾಗಿ ಬರುವುದಿಲ್ಲ. ಮಹಾವ್ಯಾಧನದು ಇದಕ್ಕೆ ಅಪವಾದ. ಅದು ಎಷ್ಟು ಪ್ರಕಾಶಮಾನವೆಂದರೆ ಎರಡು ಸೆಕೆಂಡಿನ ಒಂದೇ ಫ್ರೇಮಿನಲ್ಲೂ ನಸುಗುಲಾಬಿಯಾಗಿ ಕಾಣಿಸಿಕೊಳ್ಳುತ್ತದೆ.

ಹೋಲಿಸಿ ನೋಡಲೇಬೇಕೆಂದರೆ ಹಬಲ್ ಬೇಡ, ಐಸಾಕ್ ರಾಬರ್ಟ್ಸ್ ಇರಲಿ. ಲಿವರ್‌ಪೂಲ್ ಬಳಿ ತನ್ನದೇ ವೀಕ್ಷಣಾಲಯ ಕಟ್ಟಿಕೊಂಡಿದ್ದ ಈ ಹವ್ಯಾಸಿ 1888ರ ಡಿಸೆಂಬರ್ 29ರಂದು 20 ಅಂಗುಲದ ದೂರದರ್ಶಕದಿಂದ ನಾಲ್ಕು ಗಂಟೆ ಆಂಡ್ರೊಮಿಡಾಕ್ಕೆ ಗಾಜಿನ ಫಲಕ ಒಡ್ಡಿದ. ಅದರ ಸುರುಳಿ ರೂಪ ಮನುಷ್ಯರಿಗೆ ಮೊದಲು ಕಂಡದ್ದು ಅವನ ಫಲಕಗಳಲ್ಲಿ. ಅದು ಹೊಸದಾಗಿ ಹುಟ್ಟುತ್ತಿರುವ ಸೌರಮಂಡಲವೆಂದು ಅವನು ಭಾವಿಸಿದ್ದ. 1923ರಲ್ಲಿ ಎಡ್ವಿನ್ ಹಬಲ್ ಅದರೊಳಗೆ ಮಿಡಿಯುವ ನಕ್ಷತ್ರವೊಂದನ್ನು ಗುರುತಿಸುವವರೆಗೆ ಅದು ನಮ್ಮ ಆಕಾಶಗಂಗೆಯ ಹೊರಗಿದೆ ಎಂಬುದು ಖಚಿತವಾಗಿರಲಿಲ್ಲ. ರಾಬರ್ಟ್ಸ್‌ನ ಫಲಕದಲ್ಲಿದ್ದ ಆ ಸುರುಳಿಯನ್ನೂ ಕಪ್ಪು ಧೂಳಿನ ಪಟ್ಟಿಗಳನ್ನೂ ಎರಡು ಅಂಗುಲವೂ ಇಲ್ಲದ ನಿಮ್ಮ ಲೆನ್ಸ್ ಇಂದು ಹಳ್ಳಿಯ ಬಯಲಲ್ಲಿ ಒಂದು ಗಂಟೆಯಲ್ಲಿ, ಅದೂ ಬಣ್ಣದಲ್ಲಿ ತೋರಿಸಬಲ್ಲದು. ಇದು ನೀವು ಧೈರ್ಯವಾಗಿ ಇಟ್ಟುಕೊಳ್ಳಬಹುದಾದ ನಿರೀಕ್ಷೆ.

ಮಳೆಗಾಲ ಕಳೆದ ಮೇಲೆ ನವೆಂಬರಿನ ಅಮಾವಾಸ್ಯೆಯ ಆಸುಪಾಸು ಆಯ್ದುಕೊಳ್ಳಿ. ಕತ್ತಲಾದಾಗಿನಿಂದ ನಡುರಾತ್ರಿ ದಾಟುವವರೆಗೆ ಸುಮಾರು ಆರು ಗಂಟೆ ಆಂಡ್ರೊಮಿಡಾ ಸಾಕಷ್ಟು ಎತ್ತರದಲ್ಲಿರುತ್ತದೆ. ಆಮೇಲೆ ಕೃತ್ತಿಕೆ, ಮಹಾವ್ಯಾಧ. ಇನ್ನೊಂದನ್ನು ಮಾತ್ರ ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ: ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ, ನಡುರಾತ್ರಿಯ ಸುಮಾರಿಗೆ ದಕ್ಷಿಣಕ್ಕೆ ತಿರುಗಿ ಒಮೇಗಾ ಸೆಂಟಾರಿಯನ್ನು ಹಿಡಿಯಿರಿ. 17,000 ಜ್ಯೋತಿರ್ವರ್ಷ ದೂರದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳು ಒತ್ತೊತ್ತಾಗಿ ನೆರೆದಿರುವ ಗೋಳ ಅದು, ಆಕಾಶದಲ್ಲಿ ಹುಣ್ಣಿಮೆ ಚಂದ್ರನಷ್ಟೇ ಅಗಲ. ರಾಬರ್ಟ್ಸ್‌ನ ಊರಿನಲ್ಲಿ ಅದು ಎಂದಿಗೂ ಮೂಡುವುದಿಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ ದಿಗಂತದಿಂದ ಸುಮಾರು 30 ಡಿಗ್ರಿ ಏರುತ್ತದೆ. ನಿಮ್ಮ ಚಿತ್ರದಲ್ಲಿ ಅದು 350 ಪಿಕ್ಸೆಲ್ ಅಗಲದ ತಿಳಿಹಳದಿ ಚೆಂಡಾಗಿ ಬರುತ್ತದೆ. ಕೋಟಿಯಲ್ಲಿ ಬಹುಪಾಲು ಒಂದರೊಳಗೊಂದು ಕರಗಿರುತ್ತವೆ, ಅಂಚಿನಲ್ಲಿ ಮಾತ್ರ ಬಿಡಿಬಿಡಿಯಾಗಿ ಎಣಿಸಲು ಸಿಗುತ್ತವೆ.