ಮದ್ದು ಬಿಟ್ಟವರು ಯಾರು, ಉತ್ತರ ಹೇಳುವವರು ಯಾರು?

ನಮ್ಮ ಕಡೆ ಕೀಟನಾಶಕವನ್ನು ಯಾರೂ ವಿಷವೆಂದು ಕರೆಯುವುದಿಲ್ಲ. ಅದು ‘ಮದ್ದು’. ಅಡಿಕೆಗೆ ಮದ್ದು ಬಿಡುತ್ತೇವೆ, ಹುಲ್ಲಿಗೆ ಮದ್ದು ಹೊಡೆಯುತ್ತೇವೆ. ಹೆಸರಿನಿಂದ ವಸ್ತುವಿನ ಗುಣವೇನೂ ಬದಲಾಗುವುದಿಲ್ಲ, ಬದಲಾಗುವುದು ನಮ್ಮ ಎಚ್ಚರ. ಮನೆಗೆ ವಿಷ ತಂದಿದ್ದೇನೆ ಎಂದುಕೊಂಡವನು ಅದನ್ನಿಡಲು ಜಾಗ ಹುಡುಕುತ್ತಾನೆ. ಮದ್ದು ತಂದವನು ಜಗಲಿಯ ಮೂಲೆಯಲ್ಲಿಟ್ಟು ಊಟಕ್ಕೆ ಕೂರುತ್ತಾನೆ.

ಈಶ್ವರಮಂಗಲ, ಪಾಣಾಜೆ ಸುತ್ತಲಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪುತ್ತೂರು ತಾಲೂಕಿನ ಈ ಮೂಲೆಗೆ ಕೇರಳದ ಗಡಿ ತೀರಾ ಹತ್ತಿರ. ನೆಟ್ಟಣಿಗೆ ಎಂಬ ಹೆಸರು ಗಡಿಯ ಎರಡೂ ಕಡೆ ಇದೆ. ಆಚೆಗಿನ ಬೆಳ್ಳೂರು, ಕಾರಡ್ಕ, ಎಣ್ಮಕಜೆ ಪಂಚಾಯತುಗಳು ಎಂಡೋಸಲ್ಫಾನ್ ಪೀಡಿತ ಪ್ರದೇಶಗಳ ಪಟ್ಟಿಯಲ್ಲಿವೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಅಲ್ಲಿನ ಗೇರು ಗುಡ್ಡೆಗಳಿಗೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಮದ್ದು ಬಿಡಿಸಿತು. ನಮ್ಮ ಜಿಲ್ಲೆಯಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ತೋಟಗಳಲ್ಲಿ ಅದನ್ನೇ ಮಾಡಿತು.

ಆಕಾಶದಿಂದ ಸಿಂಪಡಿಸುವ ಮುನ್ನ ಜನರಿಗೆ ತಿಳಿಸಬೇಕು, ಬಾವಿ ಕೆರೆಗಳನ್ನು ಮುಚ್ಚಿಸಬೇಕು ಎಂಬ ನಿಯಮಗಳು ಕಾಗದದಲ್ಲಿದ್ದವು. ಆದರೆ ಪಡ್ರೆಯಂಥ ಊರಲ್ಲಿ ಜನ ಕುಡಿಯುವುದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. ಮದ್ದು ಬೀಳುವುದು ಗುಡ್ಡದ ನೆತ್ತಿಯ ಮೇಲೆ, ನೀರು ಒಸರುವುದು ಅದೇ ಗುಡ್ಡದ ಹೊಟ್ಟೆಯಿಂದ. ಬಾವಿಗೇನೋ ಮಡಲು ಹೊದಿಸಬಹುದು, ಗುಡ್ಡಕ್ಕೆ ಏನನ್ನು ಹೊದಿಸುತ್ತೀರಿ?

ಎಂಡೋಸಲ್ಫಾನ್ ನರಮಂಡಲದ ಮೇಲೆ ಕೆಲಸ ಮಾಡುವ ವಿಷ. ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ನಡುಕ, ಫಿಟ್ಸ್ ಬರುತ್ತವೆ. ಅದಕ್ಕೆಂದೇ ಇರುವ ಪ್ರತಿವಿಷವಿಲ್ಲ. ಉಸಿರಿನಿಂದ, ಆಹಾರದಿಂದ, ಚರ್ಮದಿಂದಲೂ ಒಳಹೋಗುತ್ತದೆ, ತಾಯಿಯಿಂದ ಮಗುವಿಗೆ ದಾಟುತ್ತದೆ. ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿವೆಯೆಂದು ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಅವರು 1980ರ ಹೊತ್ತಿಗೇ ಬರೆದಿದ್ದರು. ವಾಣೀನಗರದಲ್ಲಿ ಚಿಕಿತ್ಸೆ ನೀಡುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರಿಗೆ ಒಂದೇ ಪ್ರದೇಶದ ಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟುನ್ಯೂನತೆ, ಕ್ಯಾನ್ಸರ್ ಹೀಗೇಕೆ ಒಟ್ಟಾಗಿ ಕಾಣುತ್ತಿವೆಯೆಂಬ ಸಂಶಯ ಹುಟ್ಟಿತು. ಔಷಧಿ ಬರೆದು ಕಳಿಸಿದ್ದರೆ ವೈದ್ಯನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅವರು ಮಾತ್ರ ಮನೆಮನೆಯ ಲೆಕ್ಕ ಹಿಡಿದು ಕೇಳತೊಡಗಿದರು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರರೇ ಆಗಿದ್ದರು. 1998ರಲ್ಲಿ ಅವರು ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೆಟ್ಟಿಲೇರಿದರು. 2000ದಲ್ಲಿ ವೈಮಾನಿಕ ಸಿಂಪಡಣೆಗೆ ಶಾಶ್ವತ ತಡೆ ಬಂತು.

ಇವರೆಲ್ಲ ತಮ್ಮ ಹುದ್ದೆ ಹೇಳದ ಕೆಲಸವನ್ನು ತಮ್ಮದೆಂದುಕೊಂಡವರು. ಎದುರಿಗಿದ್ದ ಸಾಲನ್ನು ನೋಡಿ: ತಯಾರಿಸಿದವರು, ಶಿಫಾರಸು ಮಾಡಿದವರು, ಪರವಾನಗಿ ಕೊಟ್ಟವರು, ಟೆಂಡರು ಕರೆದವರು, ಹೆಲಿಕಾಪ್ಟರು ಹಾರಿಸಿದವರು. ಪ್ರತಿಯೊಬ್ಬರ ಪಾಲಿಗೂ ಬಂದದ್ದು ಒಂದಿಷ್ಟೇ ಕೆಲಸ, ಇಡೀ ಹೊಣೆ ಯಾರ ಪಾಲಿಗೂ ಬರಲಿಲ್ಲ.

ಎಲ್ಲ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ಒಪ್ಪದ ತಜ್ಞರಿದ್ದಾರೆ. ಪ್ರಶ್ನಿಸುವುದು ವಿಜ್ಞಾನದ ಧರ್ಮ, ತಪ್ಪಲ್ಲ. ಆದರೆ ಸಿಂಪಡಣೆಗೆ ಮೊದಲು ಊರಿನ ಆರೋಗ್ಯ ಹೇಗಿತ್ತೆಂಬ ವ್ಯವಸ್ಥಿತ ದಾಖಲೆಯೇ ಇಲ್ಲದ ಮೇಲೆ, ಪುರಾವೆ ತನ್ನಿ ಎಂದು ಹಾಸಿಗೆ ಹಿಡಿದ ಮಗುವಿನ ತಾಯಿಯನ್ನು ಕೇಳುವುದು ಯಾವ ನ್ಯಾಯ? ದಾಖಲೆ ಇಡಬೇಕಾದವನು ವಿಷ ಸುರಿಯಲು ಹೊರಟವನಲ್ಲವೆ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಪರೀಕ್ಷಿಸಿದ್ದು 2001ರಲ್ಲಿ, ಸಿಂಪಡಣೆ ನಿಂತ ಮೇಲೆ. ಹೋಲಿಕೆಗೆ ಆರಿಸಿದ ಊರಿಗಿಂತ ಇಲ್ಲಿ ನರ ಮತ್ತು ಸಂತಾನ ಸಂಬಂಧಿ ತೊಂದರೆಗಳು ಹೆಚ್ಚೆಂದು ಅದು ಹೇಳಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ, ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. 2022ರಲ್ಲಿ ಅದೇ ನ್ಯಾಯಾಲಯ, ಇಷ್ಟು ವರ್ಷ ಏನು ಮಾಡಿದಿರಿ ಎಂದು ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಕೊಕ್ಕಡ, ಕೊಯಿಲಗಳಲ್ಲಿ ಪೀಡಿತ ಮಕ್ಕಳಿಗಾಗಿ ಪಾಲನಾ ಕೇಂದ್ರಗಳು ತೆರೆದವು. ಮಗನನ್ನು ಎತ್ತಿ ಕೂರಿಸುವ ತಾಯಿಯ ಸೊಂಟಕ್ಕೆ ಹಗಲಿನ ನಾಲ್ಕು ಗಂಟೆ ಬಿಡುವು ಸಿಕ್ಕರೂ ದೊಡ್ಡದೇ.

ನಿಮ್ಮ ಪಂಪುಶೆಡ್ಡಿನಲ್ಲಿ

ನಿಗಮವನ್ನೂ ಸರಕಾರವನ್ನೂ ಬೈಯುವುದು ಸುಲಭ, ಬೈಯಲೂ ಬೇಕು. ಈಗ ನಿಮ್ಮ ತೋಟಕ್ಕೆ ಬನ್ನಿ. ಮದ್ದು ತರುವ ಯಜಮಾನ ಒಬ್ಬ, ಪಂಪು ಬೆನ್ನಿಗೆ ಹಾಕುವ ಆಳು ಇನ್ನೊಬ್ಬ, ತೋಡಿನ ಕೆಳಗೆ ನೀರು ಕುಡಿಯುವ ನೆರೆಯವ ಮತ್ತೊಬ್ಬ. ಪ್ರತಿ ತೋಟವೂ ಒಂದು ಪುಟ್ಟ ನಿಗಮವೇ. “ಅವನಿಗೆ ಕೈಗವಸು ಕೊಟ್ಟರೆ ಹಾಕುವುದಿಲ್ಲ ಡಾಕ್ಟ್ರೇ” ಎಂಬ ಮಾತನ್ನು ವೈದ್ಯರು ಕೇಳುತ್ತಲೇ ಇರುತ್ತಾರೆ. ನಮ್ಮ ಸೆಕೆಯಲ್ಲಿ ಹಾಕುವುದು ಕಷ್ಟ ನಿಜ. ಹಾಗಾದರೆ ಬೆಳಗಿನ ತಂಪಿನಲ್ಲಿ ಮುಗಿಸಿ, ತುಂಬುತೋಳಿನ ಅಂಗಿ ಹಾಕಿಸಿ, ಗಾಳಿಗೆ ಬೆನ್ನು ಕೊಟ್ಟು ಬಿಡಲು ಹೇಳಿ. ಮದ್ದಿನ ಕೈಯಲ್ಲೇ ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗಿಡುವ ಚಾಳಿಯನ್ನಂತೂ ಅಲ್ಲೇ ತಡೆಯಿರಿ. ಅದು ವಿಷವನ್ನು ನೇರ ನಾಲಿಗೆಗೆ ಸವರಿದಂತೆ. ಪಂಪು ತೊಳೆದ ನೀರು ತೋಡಿಗಾಗಲಿ ಬಾವಿಕಟ್ಟೆಗಾಗಲಿ ಹೋಗಬಾರದು.

ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಅಕ್ಷರ ಬಾರದವರೂ ಓದಬಹುದು. ಕೆಂಪು ಎಂದರೆ ಅತಿ ಉಗ್ರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರೆಂದರೆ ನಿರಪಾಯವೆಂದಲ್ಲ. ಬೋರ್ಡೋ ದ್ರಾವಣ ನಮ್ಮ ಅಜ್ಜಂದಿರ ಕಾಲದ್ದು, ಹಳೆಯ ನೆಂಟ. ಆದರೆ ಅದರ ಮೈಲುತುತ್ತು ಹೊಟ್ಟೆಗೆ ಹೋದರೆ ಅಪಾಯ, ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಕಣ್ಣಿಗೆ ಬಿದ್ದ ಕ್ಷಣವೇ ಶುದ್ಧ ನೀರಿನಿಂದ 15 ನಿಮಿಷವಾದರೂ ತೊಳೆದು ವೈದ್ಯರಲ್ಲಿಗೆ ಹೋಗಿ.

ಮೈಮೇಲೆ ಮದ್ದು ಚೆಲ್ಲಿದರೆ ಬಟ್ಟೆ ಬಿಚ್ಚಿಸಿ ಸಾಬೂನು ಹಾಕಿ ತೊಳೆಯಿರಿ. ಯಾರಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಿಷ ಶ್ವಾಸಕೋಶಕ್ಕೆ ನುಗ್ಗಬಹುದು. 108ಕ್ಕೆ ಕರೆ ಮಾಡಿ, ಹೊರಡುವಾಗ ಡಬ್ಬಿಯನ್ನೂ ಹಿಡಿದುಕೊಳ್ಳಿ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಕ್ಕೆ ಅಟ್ರೋಪಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವಿಲ್ಲ, ಅದನ್ನು ಕುಡಿದವರಿಗೆ ಆಮ್ಲಜನಕ ಕೊಡುವಾಗಲೂ ವೈದ್ಯರು ಯೋಚಿಸಬೇಕಾಗುತ್ತದೆ. ಯಾವ ವಿಷವೆಂದು ಹೇಳುವುದು ಡಬ್ಬಿಯ ಚೀಟಿಯೊಂದೇ. ಶರಬತ್ತಿನ ಬಾಟಲಿಗೆ ಸುರಿದಿಟ್ಟ ಮದ್ದಿಗೆ ಚೀಟಿ ಇರುವುದಿಲ್ಲ, ಅದನ್ನು ಶರಬತ್ತೆಂದೇ ಕುಡಿಯುವ ಮಕ್ಕಳೂ ಇರುತ್ತಾರೆ. ವಿಷದ ಬಗ್ಗೆ ಮಾಹಿತಿ ಬೇಕಾದರೆ ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಅದನ್ನು ಪಂಪುಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟುಕೊಂಡರೂ ಸಾಕು.