ಮೆಣಸಿನಕಾಯಿ ಬಿಡಿಸಿದ ಕೈ ಬಿಸಿನೀರಿಗೆ ಏಕೆ ಉರಿಯುತ್ತದೆ?



ಕಳೆದ ಮಾಘದಲ್ಲಿ ನಮ್ಮ ಬ್ಲಾಕಿನ ಒಂದು ಹಳ್ಳಿಗೆ ಹೋಗಿದ್ದೆ. ದಿನವಿಡೀ ಕಣದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದ ಅಜ್ಜಿಯೊಬ್ಬರು ಸಂಜೆ ಹಂಡೆಯ ನೀರನ್ನು ಕೈಮೇಲೆ ಹೊಯ್ದುಕೊಂಡವರೇ ಕೂಗಿಕೊಂಡರು. ನೀರೇನೂ ಸುಡುವಂತಿರಲಿಲ್ಲ, ಆಗತಾನೆ ಮೊಮ್ಮಗು ಅದೇ ನೀರಿನಲ್ಲಿ ಸ್ನಾನ ಮಾಡಿತ್ತು. "ತಮ್ಮಾ, ನೀರಾಗ ಬೆಂಕಿ ಐತೇನೋ?" ಎಂದು ಕೇಳಿದರು. ಡಿಪ್ಲೊಮಾದಲ್ಲಿ ನಾನು ಮೆಣಸಿನ ಗಿಡದ ರೋಗಗಳನ್ನು ಕಲಿತಿದ್ದೆನೇ ಹೊರತು ಮೆಣಸಿನ ಉರಿಯನ್ನು ಕಲಿತಿರಲಿಲ್ಲ. ಉತ್ತರ ಹೇಳಲಾರದೆ ಬಂದೆ. ಆಮೇಲೆ ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಚರ್ಮದಲ್ಲಿ ನರಗಳ ತುದಿಗಳು ಹರಡಿಕೊಂಡಿವೆ. ಆ ತುದಿಗಳಲ್ಲಿ ಕೆರೆಯ ತೂಬಿನಂತಹ ಅತಿ ಸೂಕ್ಷ್ಮವಾದ ಬಾಗಿಲುಗಳಿವೆ. ಇವಕ್ಕೆ ಗ್ರಾಹಕಗಳೆಂದು ಹೆಸರು. ತೂಬು ತೆರೆದರೆ ಲವಣದ ಕಣಗಳು ನರದೊಳಕ್ಕೆ ನುಗ್ಗುತ್ತವೆ. ವಿದ್ಯುತ್ತಿನ ಸುದ್ದಿ ಹುಟ್ಟಿ ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟುತ್ತದೆ. ಅದೇ ನಮಗೆ ನೋವು.

ಇಂಥ ಒಂದು ತೂಬನ್ನು ೧೯೯೭ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಗುರುತಿಸಿದರು. ೨೦೨೧ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ದೊರೆಯಿತು. ಟಿಆರ್‌ಪಿವಿ-೧ ಎಂಬ ಈ ತೂಬು ಸುಮಾರು ೪೩ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತೆರೆಯುತ್ತದೆ. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ತೆರೆಯುವುದೂ ಇದೇ ತೂಬನ್ನು. ಚರ್ಮ ಸುಟ್ಟಿರುವುದಿಲ್ಲ, ಆದರೂ ಮಿದುಳಿಗೆ ಹೋಗುವ ಸುದ್ದಿ "ಬೆಂಕಿ" ಎಂದೇ. ಹಕ್ಕಿಗಳ ತೂಬು ಶಾಖಕ್ಕೆ ತೆರೆದರೂ ಖಾರಕ್ಕೆ ತೆರೆಯುವುದಿಲ್ಲ. ಗಿಳಿ ಕೆಂಪು ಮೆಣಸಿನಕಾಯಿಯನ್ನು ಹಣ್ಣಿನಂತೆ ತಿನ್ನುವುದು ಇದರಿಂದಲೇ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಖಾರ ಮೆತ್ತಿದ ಕೈಯಲ್ಲಿ ತೂಬನ್ನು ಖಾರ ಮೊದಲೇ ಅರ್ಧ ಎತ್ತಿರುತ್ತದೆ. ಶಾಖವೂ ಜೊತೆಗೂಡಿದರೆ ಉಗುರುಬೆಚ್ಚಗಿನ ನೀರೇ ಸಾಕು. ಅಷ್ಟೇ ಅಲ್ಲ, ನೋವಿನಲ್ಲಿ ಒಂದೇ ಗ್ರಾಹಕ ಕೆಲಸ ಮಾಡುವುದಿಲ್ಲ. ಗಾಯವಾದಾಗ, ಚರ್ಮ ಕೆಂಪಗೆ ಬಾತಾಗ, ಸುತ್ತಲಿನ ಜೀವಕೋಶಗಳು ಬ್ರಾಡಿಕೈನಿನ್, ಪ್ರೊಸ್ಟಗ್ಲಾಂಡಿನ್ ಮೊದಲಾದ ವಸ್ತುಗಳನ್ನು ಸುರಿಸುತ್ತವೆ. ಇವಕ್ಕೆ ಅದೇ ನರದ ತುದಿಯಲ್ಲಿ ಬೇರೆ ಗ್ರಾಹಕಗಳುಂಟು. ಆ ಗ್ರಾಹಕಗಳು ನರದ ಒಳಗಿನಿಂದಲೇ ಸಂದೇಶ ಕಳಿಸಿ ನಮ್ಮ ತೂಬನ್ನು ಸಡಿಲಗೊಳಿಸುತ್ತವೆ. ಆಗ ಅದು ಮೈಯ ಸಹಜ ಶಾಖಕ್ಕೇ ತೆರೆದುಕೊಳ್ಳಬಹುದು. ನರವೂ ಸುಮ್ಮನಿರುವುದಿಲ್ಲ, ತಾನೇ ಕೆಲವು ವಸ್ತುಗಳನ್ನು ಹೊರಹಾಕಿ ಕೆಂಪನ್ನೂ ಬಾವನ್ನೂ ಹೆಚ್ಚಿಸುತ್ತದೆ. ಆಸ್ಪಿರಿನ್ ಗುಳಿಗೆ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತದೆಂದು ೧೯೭೧ರಲ್ಲಿ ಜಾನ್ ವೇನ್ ತೋರಿಸಿದರು. ಗುಳಿಗೆ ತೂಬನ್ನು ಮುಚ್ಚುವುದಿಲ್ಲ, ಅದನ್ನು ಸಡಿಲಿಸುವ ಕೈಯನ್ನು ಹಿಡಿಯುತ್ತದೆ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ಕೈಗೆ ಕುಸುಬೆ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ತಿಕ್ಕಿ, ಬಟ್ಟೆಯಿಂದ ಒರೆಸಿ, ಬಳಿಕ ಸಾಬೂನು ಹಚ್ಚಿ ತಣ್ಣೀರಿನಲ್ಲಿ ತೊಳೆಯಿರಿ. ಉರಿ ನಿಲ್ಲದಿದ್ದರೆ ಮತ್ತೊಮ್ಮೆ ಹಾಗೆಯೇ ಮಾಡಿರಿ. ಸಾಸಿವೆ ಎಣ್ಣೆ ಬೇಡ. ಸಾಸಿವೆಯ ಘಾಟು ಅದೇ ನರದ ಇನ್ನೊಂದು ಗ್ರಾಹಕವನ್ನು ಎಬ್ಬಿಸುತ್ತದೆ. ಬಿಸಿನೀರಿನಿಂದಲೂ ಒಲೆಯಿಂದಲೂ ಕೈಯನ್ನು ದೂರವಿಡಿರಿ. ತೊಳೆಯದ ಕೈಯಿಂದ ಕೂಸನ್ನು ಎತ್ತಿಕೊಳ್ಳಬಾರದು. ಕಣ್ಣಿಗೆ ತಾಗಿದರೆ ಎಣ್ಣೆ ಹಾಕಲೇಬೇಡಿರಿ, ಶುದ್ಧವಾದ ತಣ್ಣೀರಿನಿಂದ ಬಹಳ ಹೊತ್ತು ತೊಳೆದು, ಉರಿ ಉಳಿದರೆ ವೈದ್ಯರಲ್ಲಿಗೆ ಹೋಗಿರಿ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಕೆಲವರು ಅಲಕ್ಷ್ಯ ಮಾಡುತ್ತಾರೆ. ಕಡಿಮೆ ಖಾರವೂ ಇಡೀ ದಿನ ಕೈಗೆ ಮೆತ್ತಿದರೆ ಸಾಲದೆ? "ನಮಗ ಉರೀನs ಹತ್ತೂದಿಲ್ಲ" ಎನ್ನುವವರೂ ಇದ್ದಾರೆ. ಖಾರ ಮತ್ತೆ ಮತ್ತೆ ತಾಗಿದರೆ ನರದ ತುದಿಗಳು ಕೆಲಕಾಲ ಮಂದವಾಗುತ್ತವೆ. ಅಂಥ ಕೈಗೆ ಕಾದ ಹಂಚಿನ ಬಿಸಿ ತಿಳಿಯುವುದು ತಡವಾಗಬಹುದು. ರೊಟ್ಟಿ ಬಡಿಯುವ ತಾಯಂದಿರು ಇದನ್ನು ಮರೆಯಬಾರದು.

ಮೊನ್ನೆ ಆ ಅಜ್ಜಿಗೆ ಇದನ್ನೆಲ್ಲ ಹೇಳಿ ಬಂದೆ. ತೂಬಿನ ಮಾತು ಕೇಳಿ ನಕ್ಕರು. "ಎಣ್ಣಿ ಹಚ್ಕೋ ಅಂತ ನಮ್ಮ ಅತ್ತಿ ಹೇಳ್ತಿದ್ಲು ತಮ್ಮಾ, ಎಣ್ಣಿ ತುಟ್ಟಿ ಅಂತ ನಾನs ಬಿಟ್ಟಿದ್ದೆ" ಎಂದರು. ಒಂದು ಕೈಗೆ ಅರ್ಧ ಚಮಚೆ ಎಣ್ಣೆ ಸಾಕೆಂದು ತೋರಿಸಿಕೊಟ್ಟೆ.